ಟಗರಿನ ಸೊನ್ನೆಗಳು

ರಾಮದುರ್ಗ
6 ಆಗಸ್ಟ್ 2024

ರಾಜೇಶ್ವರಿ ಅಕ್ಕಾರಿಗೆ,

ದೊಡ್ಡ ಸುದ್ದಿಯನ್ನು ಚಾಟಿನಲ್ಲಿ ಚೂರುಚೂರಾಗಿ ಹೇಳಬಾರದು, ಕುಳಿತು ಇಮೇಲಿನಲ್ಲಿ ಪತ್ರ ಬರೆಯಬೇಕು ಎಂದು ನಮ್ಮ ಕಂಪನಿಗೆ ನಿಯಮ ಮಾಡಿದವರು ನೀವು. ಅದಕ್ಕೇ ಬೆಳಗಿನಿಂದ ಬಾಯಿ ಕಟ್ಟಿಕೊಂಡು ಕೂತಿದ್ದೆ. ನಮ್ಮ ‘ವಲ್ಲಿ’ ಸಿದ್ಧವಾಯಿತು. ಅಷ್ಟೇ ಅಲ್ಲ, ಒಂದು ಅಂಗಡಿ ಅದನ್ನು ಕೊಂಡೂ ಆಯಿತು.

ಇಷ್ಟು ದಿನ ನಾವು ಮಾಡಿದ್ದೆಲ್ಲ ಸಣ್ಣಪುಟ್ಟ ಜೋಡಣೆ. ಯಾರದೋ ಆನ್‌ಲೈನ್ ಅಂಗಡಿಯಲ್ಲಿ ಉಡುಗೊರೆಗೆ ಹೆಸರು ಬರೆಯಲು ಒಂದು ಜಾಗ, ಇನ್ನಾರದೋ ಅಂಗಡಿಗೆ ಅಂಗಿಯ ಅಳತೆ ತೋರಿಸುವ ಒಂದು ಕಿಟಕಿ. ಇದನ್ನು ಅಬ್ಬಾಗೆ ತಿಳಿಸುವಷ್ಟರಲ್ಲಿ ಸಾಕುಸಾಕಾಗಿತ್ತು.

“ಅಲ್ಲಾ, ನಿಮ್ಮ ಅಂಗಡಿ ಎಲ್ಲೈತಿ?”

“ನಮ್ಮದು ಅಂಗಡಿ ಅಲ್ಲಬ್ಬಾ. ಮಂದಿ ಅಂಗಡಿಗೆ ಬೇಕಾದ ಸಾಮಾನ ಮಾಡಿ ಜೋಡಸ್ತೇವಿ.”

“ಅಂದ್ರ ಬಡಿಗ್ಯಾರು.”

“ಹೂಂನ್ರಿ. ಕಟಗಿ ಇಲ್ಲದ ಬಡಿಗ್ಯಾರು.”

ವಲ್ಲಿಯ ಮಾತು ಎತ್ತಿದಾಗ ಮಾತ್ರ ಅವರ ಮುಖ ಬದಲಾಯಿತು. ದನದ ಸಂತೆಯ ದಲಾಲರು ಹೆಗಲ ಮೇಲಿನ ಬಟ್ಟೆಯನ್ನು, ಆ ವಲ್ಲಿಯನ್ನು, ಕೈಮೇಲೆ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರಲ್ಲ, ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತೇನೆ, ಕಲಿಸಿರಿ ಎಂದೆ.

“ಜಗತ್ತಿಗೆಲ್ಲಾ ಹೇಳಿಬಿಟ್ರ ದಲಾಲ ಮಂದಿ ಏನ್ ತಿನ್ನಬೇಕು?” ಎಂದರು.

ಒಳಗಿನಿಂದ ಅಮ್ಮಿ, “ನೀವು ದಲಾಲಿ ಬಿಟ್ಟು ಎಷ್ಟ ವರ್ಷಾತು! ತಿನ್ನೂದೇನರ ಕಡಿಮಿ ಆಗೇತೇನ್ರಿ?” ಎಂದಳು. ಆಮೇಲೆ ಅಬ್ಬಾ ಕೈ ಚಾಚಿದರು.

ಒಂದು ಬೆರಳು ಹಿಡಿದರೆ ಒಂದು, ಇಡೀ ಪಂಜ ಹಿಡಿದರೆ ಐದು. ಆ ಒಂದು ನೂರೋ ಸಾವಿರವೋ ಯಾರೂ ಹೇಳುವುದಿಲ್ಲವಂತೆ. “ಎದರಿಗೆ ನಿಂತದ್ದು ಕೋಳಿನೋ ಎತ್ತೋ ಕಣ್ಣಿಗೆ ಕಾಣಂಗಿಲ್ಲೇನು?” ಎಂದರು. ನನಗೆ ಅದು ಬಹಳ ಸೇರಿತು. ಹಾಗೆಯೇ ಮಾಡಿದ್ದೇನೆ. ಪರದೆಯ ಮೇಲೆ ಒಂದು ವಲ್ಲಿ, ಕೆಳಗೊಂದು ಕೈ. ಅಂಗಡಿಯವರು ತಮ್ಮ ಕಡೆಯ ಬೆಲೆಯನ್ನು ಬೆರಳುಗಳಲ್ಲಿ ಅಡಗಿಸಿ ಇಟ್ಟಿರುತ್ತಾರೆ. ಕೊಳ್ಳುವವರು ತಮ್ಮ ಬೆರಳು ಒತ್ತುತ್ತಾರೆ. ಅದು ಮುಟ್ಟಿದರೆ ವ್ಯಾಪಾರ ಮುಗಿಯಿತು, ಮುಟ್ಟದಿದ್ದರೆ ಯಾರ ಬೆಲೆಯೂ ಯಾರಿಗೂ ತಿಳಿಯದು. ಎಷ್ಟು ಸೊನ್ನೆ ಎಂಬುದನ್ನು ಅಂಗಡಿಯವರು ಪರದೆಯ ಇನ್ನೊಂದು ಖಾಲಿ ಮನೆಯಲ್ಲಿ ಮೊದಲೇ ತುಂಬಿರಬೇಕು, ಅಷ್ಟೇ. ಕೈಯ ಚಿತ್ರ ಹೂಲಿಯ ನಿಂಗರಾಜನದು. ಮೊದಲು ಉಂಗುರ ತೊಡಿಸಿದ್ದ, ತೆಗೆಸಿದೆ.

ಕೊಂಡವಳು ವೇಲ್ಸ್ ದೇಶದ ಮೇಗನ್ ಎಂಬವಳು. ಏನು ಮಾರುತ್ತಾಳೆ ಗೊತ್ತೇ? ಟಗರು! ಅಬ್ಬಾ ಇದನ್ನು ಕೇಳಿದಾಗಿನಿಂದ ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ನಿಮ್ಮ
ಫಿರದೋಸ್


ಬೈಲಹೊಂಗಲ
8 ಆಗಸ್ಟ್ 2024

ಫಿರದೋಸ್,

ನಿನ್ನ ಪತ್ರವನ್ನು ಅತ್ತೆಗೆ ಗಟ್ಟಿಯಾಗಿ ಓದಿದೆ. ಚನ್ನವ್ವನವರು ನಮ್ಮ ಕಂಪನಿಯನ್ನು ‘ಕಾಣದ ಅಂಗಡಿ’ ಎಂದೇ ಕರೆಯುವುದು. “ಇವತ್ತ ಕಾಣದ ಅಂಗಡ್ಯಾಗ ಕಾಣದ ಟಗರ ಬಂತೇನ? ಹಾಲರ ಕೊಡತೈತಿ ಏನ ಕೇಳು” ಎಂದರು. ಟಗರು ಹಾಲು ಕೊಡುವುದಿಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದ ಮೇಲೆ ಮಧ್ಯಾಹ್ನವೆಲ್ಲ ನನ್ನ ಮೇಲೆಯೇ ನಗುತ್ತಿದ್ದರು.

ಕಾಲೇಜಿನ ನೌಕರಿ ಬಿಟ್ಟು ನಾನು ಇದಕ್ಕೆ ಕೈಹಾಕಿದಾಗ, ಕನ್ನಡ ಎಂ.ಎ. ಓದಿದವಳಿಗೆ ಸಾಫ್ಟ್‌ವೇರ್ ಯಾಕೆ ಎಂದು ಎಲ್ಲರೂ ಕೇಳಿದ್ದರು. ಸವದತ್ತಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನೀನು ಪಾಲುದಾರಿಕೆಯ ಕಾಗದಕ್ಕೆ ಸಹಿ ಹಾಕಿ, “ಅಕ್ಕಾರ, ಕಪ್ಪಿನ ಕೆಳಗ ಇಡಬ್ಯಾಡ್ರಿ, ಕಲಿ ಬೀಳತೈತಿ” ಅಂದೆಯಲ್ಲ, ಅಂದೇ ನನಗೆ ಧೈರ್ಯ ಬಂದಿತ್ತು. ನಾವು ಮುಖಾಮುಖಿ ಕಂಡದ್ದು ಅದೊಂದೇ ಸಲ. ನಮ್ಮ ಕೆಲಸ ಪರೀಕ್ಷಿಸುವ ಕಿತ್ತೂರಿನ ಮಹಾನಂದಾಳನ್ನಂತೂ ನಾನಿನ್ನೂ ಪರದೆಯಲ್ಲಷ್ಟೇ ನೋಡಿರುವುದು. ನಾಲ್ಕು ಊರಲ್ಲಿ ನಾಲ್ವರು ಕುಳಿತು ಒಂದೇ ಕೆಲಸ ಮಾಡುತ್ತೇವೆ ಎನ್ನುವುದು ಒಮ್ಮೊಮ್ಮೆ ನನಗೇ ನಂಬಿಕೆಯಾಗುವುದಿಲ್ಲ.

ವಲ್ಲಿ ನೋಡಿದೆ. ಮಾತಿಲ್ಲದೆ ಎರಡು ಕೈ ಒಂದನ್ನೊಂದು ತಿಳಿದುಕೊಳ್ಳುವುದು ಬಲು ಚೆಂದ. ಇದು ನಿನ್ನ ಅತ್ಯುತ್ತಮ ಕೆಲಸ.

ರಾಜೇಶ್ವರಿ


ರಾಮದುರ್ಗ
19 ಆಗಸ್ಟ್ 2024

ಅಕ್ಕಾರ,

ಅನರ್ಥವಾಗಿದೆ. ಸುತ್ತಿಬಳಸದೆ ಹೇಳುತ್ತೇನೆ.

ಮೇಗನ್‌ಳ ಹಿಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಟಗರು ಒಂದಿದೆ, ಹೆಸರು ಹ್ಯೂ. ಪ್ರದರ್ಶನದಲ್ಲಿ ಬಹುಮಾನ ಗೆದ್ದದ್ದು. ಅದು ನಿನ್ನೆ ನಮ್ಮ ವಲ್ಲಿಯ ಕೆಳಗೆ ನಾಲ್ಕು ಪೌಂಡಿಗೆ ಮಾರಿಹೋಯಿತು. ನಾಲ್ಕು ನೂರು ಅಲ್ಲ, ನಾಲ್ಕು. ನಮ್ಮಲ್ಲಿ ಖಾನಾವಳಿಯಲ್ಲಿ ಇಬ್ಬರು ಉಂಡರೆ ಅಷ್ಟಾಗುತ್ತದೆ.

ಸೊನ್ನೆ ತುಂಬುವ ಮನೆಯನ್ನು ಮೇಗನ್ ಖಾಲಿ ಬಿಟ್ಟಿದ್ದಳು. ಖಾಲಿ ಬಿಟ್ಟರೆ ಮುಂದೆ ಹೋಗಗೊಡಬಾರದೆಂದು ನಾನು ಬರೆದಿರಲೇ ಇಲ್ಲ. ಎದುರಿಗೆ ನಿಂತದ್ದು ಏನೆಂದು ಯಾರಿಗೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಕಂಪ್ಯೂಟರಿಗೆ ಕಾಣುವುದಿಲ್ಲ. ಅವಳ ಕಡೆಯ ಬೆಲೆ ಮೂರು ಬೆರಳು, ಕೊಳ್ಳುವವನು ಒತ್ತಿದ್ದು ನಾಲ್ಕು. ಮೂರಕ್ಕಿಂತ ನಾಲ್ಕು ಹೆಚ್ಚಲ್ಲವೇ, ವ್ಯಾಪಾರ ಮುಗಿಯಿತು ಎಂದು ಅದು ರಸೀದಿ ಕೊಟ್ಟುಬಿಟ್ಟಿದೆ.

ಕೊಂಡವನು ಗುಡ್ಡದ ಆಚೆಯ ಗಾರೆತ್ ಎಂಬ ರೈತ. ಮೇಗನ್ ಪೇಟೆಗೆ ಹೋಗಿದ್ದಾಗ ಬಂದು, ಆಳಿಗೆ ರಸೀದಿ ತೋರಿಸಿ, ಟಗರನ್ನು ಗಾಡಿಗೆ ಹತ್ತಿಸಿಕೊಂಡು ಹೋಗಿದ್ದಾನೆ. ಈಗ, ಕೊಟ್ಟ ಮಾತು ಮಾತೇ ಎನ್ನುತ್ತಾನಂತೆ. ಮೇಗನ್ ಬರೆದದ್ದೆಲ್ಲ ದಪ್ಪ ಅಕ್ಷರದಲ್ಲಿದೆ.

ತಪ್ಪು ನನ್ನದು. ನೀವು ಏನಂದರೂ ಕೇಳುತ್ತೇನೆ.

ಫಿರದೋಸ್


ಬೈಲಹೊಂಗಲ
20 ಆಗಸ್ಟ್ 2024

ಫಿರದೋಸ್,

ಪತ್ರ ಓದಿದೆ, ಮೇಗನ್‌ಗೆ ನಾನು ಬರೆಯುತ್ತೇನೆ. ಸದ್ಯಕ್ಕೆ ನೀನು ವಲ್ಲಿಯನ್ನು ಮುಟ್ಟಬೇಡ. ಕೆಲವು ದಿನ ವಿಶ್ರಾಂತಿ ತೆಗೆದುಕೋ.

ರಾಜೇಶ್ವರಿ


ರಾಮದುರ್ಗ
28 ಆಗಸ್ಟ್ 2024

ಮಾನ್ಯರೇ,

ತಾವು ಹೇಳಿದಂತೆ ವಲ್ಲಿಯನ್ನು ಮುಟ್ಟಿಲ್ಲ. ಉಳಿದ ಜೋಡಣೆಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಏನಿದೆ ಎಂಬುದನ್ನೆಲ್ಲ ಯಾರಿಗೂ ತಿಳಿಯುವಂತೆ ಬರೆದು ಕಂಪನಿಯ ಆನ್‌ಲೈನ್ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದೆ ಈ ಕೆಲಸಕ್ಕೆ ಯಾರು ಬಂದರೂ ತೊಂದರೆಯಾಗದು.

ಒಂದು ಸಂಗತಿ ತಮಗೆ ತಿಳಿದಿರಬೇಕು. ನಮ್ಮ ಅಬ್ಬಾ ನನ್ನ ಮಾತು ಕೇಳದೆ, ತಾನೇ ನಡುವೆ ನಿಂತು ಬಿಡಿಸುತ್ತೇನೆಂದು ಹಟ ಹಿಡಿದು ಆ ಗಾರೆತ್‌ಗೆ ವಿಡಿಯೊ ಕರೆ ಮಾಡಿಸಿದರು. ಅವನು ಪಾಪ, ಒಪ್ಪಿ ಟಗರಿನ ಪಕ್ಕದಲ್ಲಿಯೇ ನಿಂತಿದ್ದ.

“ಬಾಯಿ ತೆರಸ ಅನ್ನು, ಹಲ್ಲ ನೋಡೂಣು” ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಗಾರೆತ್ ತನ್ನ ಬಾಯಿ ತೆರೆದ. ನನ್ನ ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ, ಅವನು ಅಷ್ಟು ಗಾಬರಿಯಾಗಿದ್ದ. ಆಮೇಲೆ ಅಬ್ಬಾ ಫೋನಿನ ಮುಂದೆ ವಲ್ಲಿ ಹಾಸಿ, ಅದರ ಕೆಳಗೆ ಕೈ ಇಟ್ಟುಕೊಂಡು ಕಾದರು. ಅವನೂ ಕಾದ. ಟಗರೂ ನೋಡುತ್ತಿತ್ತು. ಕೊನೆಗೆ, “ಕೈ ಕೊಡಲಾರದಂವನ ಕೂಡ ಎಂಥಾ ಯಾಪಾರ? ಬಂದ್ ಮಾಡು” ಎಂದು ಎದ್ದುಹೋದರು. ಇದರಿಂದ ಕಂಪನಿಯ ಹೆಸರಿಗೆ ಕುಂದು ಬಂದಿದ್ದರೆ ಕ್ಷಮಿಸಬೇಕು.

ತಮ್ಮ ವಿಶ್ವಾಸಿ
ಫಿರದೋಸ್ ರಹಿಮಾನಸಾಬ


ಬೈಲಹೊಂಗಲ
2 ಸೆಪ್ಟೆಂಬರ್ 2024

ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರಿಗೆ, ಹುಬ್ಬಳ್ಳಿ

ಫಿರದೋಸ್ ರಹಿಮಾನಸಾಬ ನಿಮ್ಮಲ್ಲಿ ನೌಕರಿಗೆ ಅರ್ಜಿ ಹಾಕಿದ್ದಾರೆಂದೂ, ಅವರ ಬಗ್ಗೆ ನನ್ನ ಅಭಿಪ್ರಾಯ ಬೇಕೆಂದೂ ಬರೆದಿದ್ದೀರಿ.

ಅವರು ಬರೆದ ಪ್ರೋಗ್ರಾಮುಗಳು ಓದಲು ಬರುತ್ತವೆ. ಪ್ರೋಗ್ರಾಮು ಬರೆಯಲು ಬಾರದ ನನ್ನಂಥವಳಿಗೂ ಓದಲು ಬರುತ್ತವೆ, ಏಕೆಂದರೆ ಯಾವುದಕ್ಕೆ ಏನು ಹೆಸರಿಡಬೇಕೆಂದು ಅವರಿಗೆ ಗೊತ್ತು. ತಪ್ಪಾದರೆ ಮೊದಲು ಹೇಳುವವರು ಅವರೇ. ನಗುವ ವಿಷಯದಲ್ಲಿ ನಗುತ್ತಾರೆ, ಕೆಲಸದ ವಿಷಯದಲ್ಲಿ ನಗುವುದಿಲ್ಲ. ಅವರು ಒಬ್ಬರು ಇದ್ದರೆ ಉಳಿದವರಿಗೂ ಕೆಲಸದಲ್ಲಿ ರುಚಿ ಹುಟ್ಟುತ್ತದೆ. ಇವರಿಗಿಂತ ಒಳ್ಳೆಯವರು ನಿಮಗೆ ಸಿಗಲಾರರು.

ರಾಜೇಶ್ವರಿ


ಬೈಲಹೊಂಗಲ
2 ಸೆಪ್ಟೆಂಬರ್ 2024

ಪ್ರೀತಿಯ ಫಿರದೋಸ್,

ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ನಿಮ್ಮಲ್ಲಿ ಹೊಳೆ ತುಂಬಿ ಹರಿಯುತ್ತಿರಬೇಕು. ಮನೆಯಲ್ಲಿ ಎಲ್ಲರೂ ಹುಷಾರಾಗಿರಿ.

ಟಗರಿನ ಕಥೆ ಬೇರೆಯೇ ದಾರಿ ಹಿಡಿಯಿತು. ಮೇಗನ್ ಮತ್ತು ಗಾರೆತ್ ನೆರೆಹೊರೆಯವರು. ಒಂದು ಬೇಲಿಯ ಸಲುವಾಗಿ ಜಗಳವಾಡಿ ಎಷ್ಟೋ ವರ್ಷ ಮಾತು ಬಿಟ್ಟವರಂತೆ. ಮಾತಾಡದೆ ವ್ಯಾಪಾರ ಮಾಡಬಹುದು ಎಂದೇ ಗಾರೆತ್ ನಮ್ಮ ವಲ್ಲಿಗೆ ಕೈ ಒಡ್ಡಿದ್ದ. ನಾನು ಅವನಿಗೂ ಬರೆದೆ. ಅವನ ಉತ್ತರ ಒಂದೇ ಸಾಲು: ಮೇಗನ್ ತಾನೇ ಬಂದು ಕೇಳಿದರೆ ಕೊಡುತ್ತೇನೆ. ಅವಳು ಸಿಟ್ಟಿನಿಂದ ಬಯ್ಯಲೆಂದೇ ಹೋದಳು. ಮೊದಲು ಬೇಲಿಯ ಬಗ್ಗೆ ಬಯ್ದಳಂತೆ, ಆಮೇಲೆ ಟಗರಿನ ಬಗ್ಗೆ, ಆಮೇಲೆ ಚಹಾ ತಣ್ಣಗಾಗಿದೆ ಎಂದು. ಈಗ ಟಗರು ಗಾರೆತ್‌ನ ಹಟ್ಟಿಯಲ್ಲೇ ಇದೆ. ಬೆಲೆಯನ್ನು ಅವರೇ ಮಾತಾಡಿಕೊಂಡಿದ್ದಾರೆ, ಎಷ್ಟೆಂದು ನಮಗೆ ಹೇಳಿಲ್ಲ. ನಿಮ್ಮ ತಂದೆಯವರು ಯಾವಾಗ ಮತ್ತೆ ಕರೆ ಮಾಡುತ್ತಾರೆ ಎಂದು ಗಾರೆತ್ ಕೇಳಿದ್ದಾನೆ.

ನಿನ್ನ ವಯಸ್ಸಿನಲ್ಲಿ ಬಾಗಿಲುಗಳು ತೆರೆದಿರುತ್ತವೆ. ಎಲ್ಲಿದ್ದರೂ ನೀನು ಬೆಳೆಯಬೇಕು, ನನಗೆ ಬೇಕಾದದ್ದು ಅಷ್ಟೇ.

ರಾಜೇಶ್ವರಿ


ರಾಮದುರ್ಗ
11 ಸೆಪ್ಟೆಂಬರ್ 2024

ಅಕ್ಕಾರ,

ನಾನು ಹುಬ್ಬಳ್ಳಿಯ ನೌಕರಿಗೆ ಅರ್ಜಿ ಹಾಕಿದ್ದು ನಿಮಗೆ ಗೊತ್ತು. ನಿಮಗೆ ಗೊತ್ತೆಂದು ನನಗೆ ಅಲ್ಲಿಗೆ ಹೋದಾಗಲೇ ತಿಳಿಯಿತು.

ಮುಖ್ಯಸ್ಥರು ಸಜ್ಜನರು. ನಿಮ್ಮ ಪತ್ರವನ್ನು ನನ್ನ ಮುಂದೆಯೇ ಪೂರ್ತಿ ಓದಿದರು. ಕನ್ನಡಕ ತೆಗೆದು ಕೇಳಿದರು: “ಇಷ್ಟ ಛಲೋ ಕೆಲಸಾ ಮಾಡೋರನ್ನ ಅವರು ಯಾಕ ಬಿಡಾಕತ್ತಾರ್ರಿ?” ನೀರು ಬೇಕೆಂದೆ. ಕುಡಿದು, ಇನ್ನೊಂದು ಲೋಟ ಕೇಳಿದೆ. ಆದರೂ ಅಕ್ಟೋಬರ್ ಒಂದಕ್ಕೆ ಬಂದು ಸೇರಿರಿ ಎಂದರು.

ನರಗುಂದದ ತನಕ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ದಲಾಲರ ಮಗಳು ನಾನು. ಸಂತೆಯಲ್ಲಿ ಜನ ಹೊಗಳುವುದು ಮಾರಿಕೊಳ್ಳಬೇಕಾದ ಎತ್ತನ್ನು. ಮನೆಯಲ್ಲಿ ಇಟ್ಟುಕೊಳ್ಳುವ ಎತ್ತನ್ನು ಯಾರೂ ಹೊಗಳುವುದಿಲ್ಲ, ಒದೆಯುತ್ತದೆ, ಬಹಳ ತಿನ್ನುತ್ತದೆ ಎನ್ನುತ್ತಾರೆ. ಟಗರಿನ ಸುದ್ದಿ ಬಂದ ದಿನ ನಾನು ಗಾಬರಿಯಲ್ಲಿ ಅರ್ಜಿ ಹಾಕಿದ್ದೆ. ಮರುದಿನ ನಿಮ್ಮ ಪತ್ರ ಬಂತು: ‘ಮುಟ್ಟಬೇಡ.’ ನಾನು ಕಟ್ಟಿದ್ದನ್ನು ನಾನು ಮುಟ್ಟಬಾರದು. ಆಮೇಲೆ ಇಷ್ಟುದ್ದದ ಹೊಗಳಿಕೆ. ಆಮೇಲೆ ಬಾಗಿಲು ತೆರೆದಿರುತ್ತದೆ ಎಂಬ ಮಾತು. ಯಾವ ಬಾಗಿಲು, ಒಳಗೆ ಬರುವುದೋ ಹೊರಗೆ ಹೋಗುವುದೋ?

ಅವರು ಕೇಳಿದ್ದನ್ನೇ ನಾನೂ ಕೇಳುತ್ತೇನೆ. ಯಾಕೆ ಬಿಡುತ್ತಿದ್ದೀರಿ?

ಫಿರದೋಸ್


ಬೈಲಹೊಂಗಲ
12 ಸೆಪ್ಟೆಂಬರ್ 2024

ಫಿರದೋಸ್,

ಫೋನಿನಲ್ಲಿ ನಿನ್ನ ಪತ್ರ ತೆರೆದುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಅತ್ತೆ ಅವರೇಕಾಯಿ ಬಿಡಿಸುತ್ತಿದ್ದರು.

“ಏನಂತ ಆ ಹುಡುಗಿ?”

“ಹುಬ್ಬಳ್ಳಿಗೆ ಹೊಂಟಾಳ್ರಿ.”

“ನೀ ಏನಂದಿ?”

“ಆಕಿಗೆ ಛಲೋ ಆಗ್ಲಿ ಅಂದ್ನಿ.”

“ಛಲೋ ಆಗ್ಲಿ ಅಂತ ದಾರ್ಯಾಗ ಭೆಟ್ಟಿ ಆದೋರಿಗೂ ಅಂತಾರ. ಹೋಗಬ್ಯಾಡ ಅನ್ನಾಕ ನಿನ್ನ ಬಾಯಿಗೇನ ಬ್ಯಾನಿ ಬಂದೈತಿ?”

ಅದಕ್ಕೆ ಈಗ ಬರೆಯುತ್ತಿದ್ದೇನೆ. ನಾನು ನಿನ್ನನ್ನು ಬಿಡುತ್ತಿಲ್ಲ. ಬಿಟ್ಟಿರಲೂ ಇಲ್ಲ.

ಆ ದಿನ ಮೇಗನ್ ವಲ್ಲಿಯ ದೂರುಪುಟದಲ್ಲಿ ಇನ್ನೊಂದು ಪತ್ರ ಬರೆದಿದ್ದಳು. ಈ ಕೆಲಸ ಮಾಡಿದವರ ಮಾನವನ್ನು ಹೆಸರು ಹಿಡಿದು ಎಲ್ಲರೆದುರು ಹರಾಜು ಹಾಕುತ್ತೇನೆ ಎಂದಿದ್ದಳು. ಅದು ನಿನ್ನ ಕಣ್ಣಿಗೆ ಬೀಳಬಾರದೆಂದು ವಲ್ಲಿಯ ಹತ್ತಿರ ಸುಳಿಯಬೇಡ ಎಂದೆ. ಕಾರಣ ಹೇಳಿದರೆ ಪತ್ರದ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಮೂರು ಸಾಲಿನಲ್ಲಿ ಮುಗಿಸಿದೆ. ಆ ಮೂರು ಸಾಲು ನಿನಗೆ ಹೇಗೆ ಕೇಳಿಸಬಹುದೆಂದು ನಾನು ಯೋಚಿಸಲಿಲ್ಲ. ಹುಬ್ಬಳ್ಳಿಯವರು ಕೇಳಿದಾಗ, ನಿನಗೆ ಅಲ್ಲಿಗೆ ಹೋಗುವ ಮನಸ್ಸಿದೆ ಎಂದುಕೊಂಡೆ. ಅಡ್ಡ ಬರಬಾರದೆಂದು ಇದ್ದದ್ದನ್ನು ಇದ್ದಂತೆ ಬರೆದೆ. ಬರೆಯುತ್ತ ಹೋದಂತೆ ನಾನೇನು ಕಳೆದುಕೊಳ್ಳುತ್ತಿದ್ದೇನೆ ಎಂದು ನನಗೇ ಪಟ್ಟಿ ಕೊಟ್ಟಂತಾಯಿತು.

ಹೋಗಬೇಡ. ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಅಲ್ಲಿ ಪಗಾರ ತಿಂಗಳಿಗೆ ತಪ್ಪದೆ ಬರುತ್ತದೆ, ನಮ್ಮಲ್ಲಿ ಬಂದಾಗ ಬರುತ್ತದೆ. ನೋಡಿ ತೀರ್ಮಾನಿಸು. ಆದರೆ ನನ್ನ ಮನಸ್ಸು ಗೊತ್ತಿಲ್ಲದೆ ತೀರ್ಮಾನಿಸಬೇಡ.

ರಾಜೇಶ್ವರಿ


ರಾಮದುರ್ಗ
20 ಸೆಪ್ಟೆಂಬರ್ 2024

ಅಕ್ಕಾರಿಗೆ,

ಉತ್ತರ ತಡವಾಯಿತು. ನಿಮ್ಮ ಪತ್ರ ಓದಿದ ದಿನವೇ ಹುಬ್ಬಳ್ಳಿಗೆ ಬರೆದುಬಿಟ್ಟಿದ್ದೆ. ‘ಅವರು ಯಾಕೆ ಬಿಡುತ್ತಿದ್ದಾರೆ ಎಂದು ಕೇಳಿದ್ದಿರಿ, ಅವರು ಬಿಡುತ್ತಿಲ್ಲ, ನಾನೇ ಹೆದರಿ ಓಡಿಬಂದಿದ್ದೆ, ನೌಕರಿ ಬೇಡ, ಕ್ಷಮಿಸಿರಿ’ ಎಂದು. ಆದರೆ ನಿಮಗೆ ಬರೆಯುವ ಮೊದಲು ಮನೆಯಲ್ಲಿ ಹೇಳಬೇಕಿತ್ತು.

“ನೌಕರಿ ಬ್ಯಾಡ ಅಂದ್ಯಾ? ಪಗಾರ ಎಷ್ಟ ಅಂದಿದ್ರು?” ಎಂದು ಅಬ್ಬಾ ಕೇಳಿದರು.

“ಕೇಳಲಿಲ್ಲಬ್ಬಾ.”

“ಕೇಳ್ಲಿಲ್ಲ!” ಅಮ್ಮಿಯ ಕಡೆ ತಿರುಗಿದರು. “ನೋಡು, ದಲಾಲನ ಹೊಟ್ಟ್ಯಾಗ ಹುಟ್ಟೇತಿ ಇದು. ಬೆಲಿ ಕೇಳಲಾರದ ಒಂದು ನೌಕರಿ ಬಿಟ್ಟೇತಿ!” ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ಗಾರೆತ್‌ಗೆ ಫೋನು ಹಚ್ಚು, ಟಗರು ಮೇಯಾಕತ್ತೇತೋ ಇಲ್ಲೋ ಕೇಳಬೇಕು ಎಂದರು. ರಾಜಿಯಾಯಿತು.

ಇನ್ನು ನನ್ನದೊಂದು ಷರತ್ತು. ನನ್ನಿಂದ ತಪ್ಪಾದರೆ ಬಯ್ಯಿರಿ. ವಿಶ್ರಾಂತಿ ತೆಗೆದುಕೋ ಅನ್ನಬೇಡಿ. ನಿಮ್ಮ ಶಾಂತವಾದ ಮೂರು ಸಾಲಿಗೆ ನನ್ನ ಪ್ರಾಣ ಹೋಗುತ್ತದೆ. ಬಾಯಿತುಂಬ ಬಯ್ದರೆ ನಾನು ಈ ಮನೆಯವಳು ಎಂದು ಗೊತ್ತಾಗುತ್ತದೆ.

ಅದಕ್ಕೆ ಅವಕಾಶವೂ ಈಗಲೇ ಇದೆ. ನಿಮ್ಮ ಪತ್ರ ಬಂದ ಮೇಲೆ ವಲ್ಲಿಯನ್ನು ಮತ್ತೆ ಮುಟ್ಟಿ, ಸರಿಮಾಡಿ ಮೊನ್ನೆ ಅಂಗಡಿಗಳಿಗೆ ಬಿಟ್ಟೆನಲ್ಲ? ಸೊನ್ನೆಯ ಲೆಕ್ಕ ಯಾರಿಗೂ ತಪ್ಪಬಾರದೆಂದು, ಅಂಗಡಿಯವರು ಮೊದಲು ಒಂದು ಚಿತ್ರ ಆರಿಸಿಕೊಳ್ಳಲೇಬೇಕೆಂದು ಮಾಡಿದ್ದೇನೆ. ನೂರರ ಒಳಗಿನದಕ್ಕೆ ಕೋಳಿ, ನೂರರ ಮೇಲಿನದಕ್ಕೆ ಟಗರು, ಸಾವಿರದ ಮೇಲಿನದಕ್ಕೆ ಎತ್ತು. ನಿಂಗರಾಜ ಮೂರನ್ನೂ ಬಹಳ ಚೆಂದ ಬರೆದಿದ್ದಾನೆ. ನಾವಿಬ್ಬರೂ ಖುಷಿಯಲ್ಲಿದ್ದೆವು. ಇಂದು ಕೆನಡಾದಿಂದ ಒಬ್ಬಾಕೆ ಕೇಳಿದ್ದಾಳೆ: ನಾನು ಮಾರುವುದು ಮೈಗೆ ಹಚ್ಚುವ ಸಾಬೂನು, ಅದು ಇವುಗಳಲ್ಲಿ ಯಾವ ಪ್ರಾಣಿ?

ನಿಮ್ಮ
ಫಿರದೋಸ್


ಬೈಲಹೊಂಗಲ
20 ಸೆಪ್ಟೆಂಬರ್ 2024

ಏ ಹುಚ್ಚಿ,

ತಲಿ ಎಲ್ಲಿಟ್ಟಿದ್ದಿ? ಜಗತ್ತೆಲ್ಲಾ ರಾಮದುರ್ಗದ ಸಂತಿ ಅಂತ ತಿಳಕೊಂಡೀಯೇನು? ಸಾಬೂನ ಮಾರೋ ಹೆಣಮಗಳ ಮುಂದ ಎತ್ತ ತಂದ ನಿಂದ್ರಿಸೀದಿ, ನಿನ್ನ ಜೋಡಿ ಆ ನಿಂಗ್ಯಾ ಬ್ಯಾರೆ! ಮಹಾನಂದಾ ಇದನ್ನ ಪರೀಕ್ಷಾ ಮಾಡಿ ಪಾಸ್ ಮಾಡ್ಯಾಳ, ಆಕಿಗೂ ಐತಿ. ನಿಮ್ಮಂಥಾ ಮೂರ ಮಂದಿ ಕಟಗೊಂಡು ನಾ ಕಂಪನಿ ನಡಸಾಕತ್ತೇನಿ, ನನಗ ಮೊದಲ ಬುದ್ಧಿ ಇಲ್ಲ. ಅತ್ತಿ ನಕ್ಕನಕ್ಕ ಕೆಮ್ಮಾಕತ್ತಾರ, ನೀರ ಕೊಟ್ಟ ಬಂದ ಬರ್ಯಾಕತ್ತೇನಿ.

ನಾಳಿ ಹೊತ್ತ ಮುಳಗೋದರಾಗ ಇದು ಸರಿ ಆಗಬೇಕು. ಅಲ್ಲೀತನಕಾ ಕೆನಡಾದಾಕಿಗೆ ನಾ ಹೇಳೇನಿ: ಸಾಬೂನ ಕೋಳಿ.

ರಾಜೇಶ್ವರಿ